ಕಲಿಕೆಯ ಖಾತೆಗೆ ಬಿದ್ದ ಕನ್ನ: ಬ್ರಿಟನ್ನಿನ ಶಿಕ್ಷಣ ಮತ್ತು ಉದ್ಯೋಗ ಇಲಾಖೆಯ ಒಂದು ಪ್ರಕರಣ

2001ರ ನವೆಂಬರ್ 23, ಶುಕ್ರವಾರ. ಇಂಗ್ಲೆಂಡಿನಲ್ಲಿ ವಯಸ್ಕರ ಕಲಿಕೆಗಾಗಿ ಸರ್ಕಾರ ತೆರೆದಿದ್ದ ಸುಮಾರು 26 ಲಕ್ಷ ಖಾತೆಗಳ ವ್ಯವಸ್ಥೆಯನ್ನು ಅಂದು ಏಕಾಏಕಿ ನಿಲ್ಲಿಸಲಾಯಿತು. ಡಿಸೆಂಬರ್ 7ಕ್ಕೆ ಮುಚ್ಚುತ್ತೇವೆ ಎಂದು ಒಂದು ತಿಂಗಳ ಹಿಂದೆಯೇ ಶಿಕ್ಷಣ ಸಚಿವೆ ಎಸ್ಟೆಲ್ ಮಾರಿಸ್ ಪ್ರಕಟಿಸಿದ್ದರು. ಆದರೆ ಖಾತೆ ಸಂಖ್ಯೆಗಳು ದೊಡ್ಡ ಪ್ರಮಾಣದಲ್ಲಿ ಕಳುವಾಗಿ ಮಾರಾಟಕ್ಕೆ ಬಂದಿವೆ ಎಂಬ ದೂರು ಆ ವಾರ ಇಲಾಖೆಗೆ ತಲುಪಿತು. ಇನ್ನೆರಡು ವಾರ ಕಾಯುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಯೋಜನೆಯ ಹೆಸರು ವೈಯಕ್ತಿಕ ಕಲಿಕಾ ಖಾತೆ. ಅದನ್ನು ರೂಪಿಸಿ ಜಾರಿಗೆ ತಂದದ್ದು ಶಿಕ್ಷಣ ಮತ್ತು ಉದ್ಯೋಗ ಇಲಾಖೆ. 1995ರಲ್ಲಿ ಹುಟ್ಟಿ 2001ರ ಜೂನ್‌ನಲ್ಲಿ ಕೊನೆಗೊಂಡ ಇಲಾಖೆ ಅದು. ಖಾತೆಗಳು ಮುಚ್ಚುವ ಹೊತ್ತಿಗೆ ಅದು ಅಸ್ತಿತ್ವದಲ್ಲೇ ಇರಲಿಲ್ಲ. ತೆರೆದವರು ಒಬ್ಬರು, ಮುಚ್ಚಿದವರು ಇನ್ನೊಬ್ಬರು, ಉತ್ತರ ಕೊಡಬೇಕಾಗಿ ಬಂದದ್ದು ಬಹುಮಟ್ಟಿಗೆ ಅಧಿಕಾರಿಗಳು.

ಇದನ್ನು ಕಂಪ್ಯೂಟರ್ ಭದ್ರತೆಯ ವೈಫಲ್ಯ ಎಂದು ವಿವರಿಸುವವರಿದ್ದಾರೆ. ಆತುರದಲ್ಲಿ ಮಾಡಿದ ಯೋಜನೆಗೆ ಆಗುವ ಗತಿ ಎನ್ನುವವರೂ ಇದ್ದಾರೆ. ಎರಡರಲ್ಲೂ ಸತ್ಯವಿದೆ. ಆದರೆ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದಾಗ ನನಗೆ ಕಾಣುವ ಮೂಲ ದೋಷ ಇನ್ನೂ ಸರಳವಾದದ್ದು. ಖಾತೆಯನ್ನು ಕಲಿಯುವವರ ಹೆಸರಿನಲ್ಲಿ ಇಟ್ಟರು. ಆ ಖಾತೆಯಿಂದ ಹಣ ಹೋಗುವಾಗ ಅವರನ್ನು ಕೇಳಲೇ ಇಲ್ಲ.

ಒಂದೇ ಸೂರಿನಡಿ ಶಾಲೆ ಮತ್ತು ಕೆಲಸ

1995ರ ಜುಲೈನಲ್ಲಿ ಪ್ರಧಾನಿ ಜಾನ್ ಮೇಜರ್ ಶಿಕ್ಷಣ ಇಲಾಖೆಯನ್ನೂ ಉದ್ಯೋಗ ಇಲಾಖೆಯನ್ನೂ ಒಂದಾಗಿಸಿದರು. ಜಿಲಿಯನ್ ಶೆಫರ್ಡ್ ಹೊಸ ಇಲಾಖೆಯ ಮೊದಲ ಸಚಿವೆ. ಆಲೋಚನೆ ಸಮಂಜಸವಾಗಿಯೇ ಇತ್ತು. ಶಾಲೆ ಒಂದು ಕಡೆ, ಕೆಲಸದ ತರಬೇತಿ ಇನ್ನೊಂದು ಕಡೆ ಇದ್ದರೆ ಹದಿನಾರಕ್ಕೆ ಶಾಲೆ ಬಿಟ್ಟು ನಲವತ್ತಕ್ಕೆ ಕೆಲಸ ಕಳೆದುಕೊಂಡವರು ಯಾರ ಹೊಣೆ? ಈ ಪ್ರಶ್ನೆಗೆ ಒಂದೇ ಇಲಾಖೆ ಉತ್ತರಿಸಬೇಕು ಎಂಬುದು ಉದ್ದೇಶ. ಲಂಡನ್ನಿನ ಸಂಸತ್ತಿನ ಬಳಿಯ ಸ್ಯಾಂಕ್ಚುಯರಿ ಬಿಲ್ಡಿಂಗ್ಸ್‌ನಲ್ಲಿ ಅದರ ಮುಖ್ಯ ಕಚೇರಿ ಇತ್ತು. ತರಬೇತಿಯ ಕೆಲಸ ನೋಡುವ ದೊಡ್ಡ ಪಡೆ ಷೆಫೀಲ್ಡ್ ನಗರದ ಮೂರ್‌ಫುಟ್ ಕಟ್ಟಡದಲ್ಲಿ ಕೂತಿತ್ತು.

1997ರ ಮೇನಲ್ಲಿ ಲೇಬರ್ ಪಕ್ಷ ಗೆದ್ದು ಡೇವಿಡ್ ಬ್ಲಂಕೆಟ್ ಸಚಿವರಾದರು. ಹುಟ್ಟುಕುರುಡರು, ಷೆಫೀಲ್ಡಿನ ಬಡ ಕುಟುಂಬದವರು. ಅಂಧರ ಶಾಲೆಯಲ್ಲಿ ಓದಿ, ಅನಿಲ ಮಂಡಳಿಯ ಕಚೇರಿಯಲ್ಲಿ ಕೆಲಸ ಮಾಡುತ್ತಾ, ಸಂಜೆ ತರಗತಿಗಳಿಗೆ ಹೋಗಿ ಪರೀಕ್ಷೆ ಪಾಸು ಮಾಡಿಕೊಂಡು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ವಯಸ್ಕರ ಕಲಿಕೆ ಎಂಬುದು ಅವರಿಗೆ ಭಾಷಣದ ವಿಷಯವಾಗಿರಲಿಲ್ಲ. ಯೋಜನೆಯ ಹಿಂದಿದ್ದ ಮನಸ್ಸು ಒಳ್ಳೆಯದು ಎಂದು ನಾನು ನಂಬುವುದಕ್ಕೆ ಇದೂ ಒಂದು ಕಾರಣ.

ಅಗತ್ಯವೂ ನಿಜವಾದದ್ದೇ. 1999ರಲ್ಲಿ ಕ್ಲಾಸ್ ಮೋಸರ್ ಅಧ್ಯಕ್ಷತೆಯ ಸಮಿತಿ ಇದೇ ಇಲಾಖೆಗೆ ಕೊಟ್ಟ ವರದಿಯಲ್ಲಿ ಒಂದು ಮಾತಿದೆ: ದೂರವಾಣಿಯ ಹಳದಿ ಪುಟಗಳ ಅಕಾರಾದಿ ಸೂಚಿಯನ್ನು ಕೈಗೆ ಕೊಟ್ಟರೆ, ನಲ್ಲಿ ರಿಪೇರಿಯವರ ವಿವರ ಯಾವ ಪುಟದಲ್ಲಿದೆ ಎಂದು ಹುಡುಕಲು ದೇಶದ ಐವರು ವಯಸ್ಕರಲ್ಲಿ ಒಬ್ಬರಿಗೆ ಸಾಧ್ಯವಿಲ್ಲ. ಅಂದರೆ ಸುಮಾರು 70 ಲಕ್ಷ ಜನ. ಕೈಗಾರಿಕಾ ಕ್ರಾಂತಿಯ ತವರಿನಲ್ಲಿ, ಕಡ್ಡಾಯ ಶಿಕ್ಷಣ ಬಂದು ನೂರು ವರ್ಷ ಕಳೆದ ಮೇಲೆ ಇದ್ದ ಸ್ಥಿತಿ ಇದು.

ಉಳಿತಾಯದ ಯೋಜನೆ ರಿಯಾಯಿತಿಯ ಯೋಜನೆಯಾದದ್ದು

1997ರ ಚುನಾವಣಾ ಪ್ರಣಾಳಿಕೆಯಲ್ಲಿ ಲೇಬರ್ ಪಕ್ಷ ಹತ್ತು ಲಕ್ಷ ಕಲಿಕಾ ಖಾತೆಗಳ ಮಾತು ಕೊಟ್ಟಿತ್ತು. ಸರ್ಕಾರ ಒಬ್ಬೊಬ್ಬರ ಖಾತೆಗೆ 150 ಪೌಂಡ್ ಹಾಕುತ್ತದೆ, ಖಾತೆದಾರರು 25 ಪೌಂಡ್ ಹಾಕುತ್ತಾರೆ. ಹತ್ತು ಲಕ್ಷ ಜನಕ್ಕೆ ಬೇಕಾಗುವ 15 ಕೋಟಿ ಪೌಂಡುಗಳನ್ನು, ಸ್ಥಳೀಯವಾಗಿ ತರಬೇತಿಯ ಕೆಲಸ ನೋಡಿಕೊಳ್ಳುತ್ತಿದ್ದ ತರಬೇತಿ ಮತ್ತು ಉದ್ಯಮ ಮಂಡಳಿಗಳ ಹಣದಿಂದ ತೆಗೆಯುವುದು ಎಂದಾಗಿತ್ತು. 1998ರ ಫೆಬ್ರುವರಿಯಲ್ಲಿ ಇಲಾಖೆ ಹೊರಡಿಸಿದ ಸಮಾಲೋಚನಾ ಪತ್ರದಲ್ಲಿ ಈ ಖಾತೆಗೆ ಪ್ರಮುಖ ಜಾಗ ಸಿಕ್ಕಿತು.

ಮೂಲ ಕಲ್ಪನೆ ಬ್ಯಾಂಕ್ ಖಾತೆಯದು. ಜನ ಕಲಿಕೆಗಾಗಿ ಹಣ ಕೂಡಿಡುತ್ತಾರೆ, ಸರ್ಕಾರ ಮತ್ತು ಕೆಲಸ ಕೊಟ್ಟವರು ಅದಕ್ಕೆ ಕೈಜೋಡಿಸುತ್ತಾರೆ, ಪಾಸ್‌ಪುಸ್ತಕ ಅವರ ಕೈಯಲ್ಲೇ ಇರುತ್ತದೆ. ಆದರೆ ಇಷ್ಟು ಸಣ್ಣ ಮೊತ್ತದ ಲಕ್ಷಾಂತರ ಖಾತೆಗಳನ್ನು ಸಾಕುವುದರಲ್ಲಿ ಬ್ಯಾಂಕುಗಳಿಗೆ ಲಾಭ ಕಾಣಲಿಲ್ಲ. ಇಲಾಖೆ ದಾರಿ ಬದಲಿಸಿತು. ಖಾತೆಯಲ್ಲಿ ಹಣವೇ ಇರುವುದಿಲ್ಲ, ಒಂದು ಸಂಖ್ಯೆ ಮಾತ್ರ ಇರುತ್ತದೆ, ಕಲಿಯುವವರು ಕೋರ್ಸಿಗೆ ಸೇರಿದಾಗ ಸರ್ಕಾರ ತನ್ನ ಪಾಲನ್ನು ನೇರವಾಗಿ ತರಬೇತಿ ಸಂಸ್ಥೆಗೆ ಕೊಡುತ್ತದೆ ಎಂದಾಯಿತು. ಖಾತೆ ಎಂಬ ಹೆಸರು ಉಳಿದರೂ ವಸ್ತು ಬದಲಾಗಿತ್ತು.

ಇದನ್ನು ನಮ್ಮ ಓದುಗರಿಗೆ ಹೇಳಲು ಹಳೆಯ ಕಾಲದ ಪಡಿತರ ಚೀಟಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಚೀಟಿ ನಿಮ್ಮ ಹೆಸರಿನಲ್ಲಿತ್ತು, ಧಾನ್ಯ ಎತ್ತುವಳಿಯಾದ ಲೆಕ್ಕ ಅಂಗಡಿಯವನ ಪುಸ್ತಕದಲ್ಲಿತ್ತು. ನೀವು ಅಂಗಡಿಗೆ ಹೋಗದ ತಿಂಗಳೂ ನಿಮ್ಮ ಚೀಟಿಯ ಮೇಲೆ ಅಕ್ಕಿ ಎತ್ತಿದ್ದು ಬರೆದಿರಬಹುದಿತ್ತು. ಮುಂದೊಂದು ದಿನ ನೀವೇ ಹೋದಾಗ ಮಾತ್ರ ಅದು ಗೊತ್ತಾಗುತ್ತಿತ್ತು. ಬ್ರಿಟನ್ನಿನ ಕಲಿಕಾ ಖಾತೆ ಕೂತದ್ದು ಈ ನಮೂನೆಯ ಮೇಲೆಯೇ.

ವಹಿವಾಟು ನಡೆಯುತ್ತಿದ್ದ ರೀತಿ

ರಾಷ್ಟ್ರಮಟ್ಟದಲ್ಲಿ ಯೋಜನೆ ಜಾರಿಯಾದದ್ದು 2000ದ ಸೆಪ್ಟೆಂಬರ್‌ನಲ್ಲಿ. ಖಾತೆ ಬೇಕಾದವರು ಅರ್ಜಿ ತುಂಬಿ ಕಳಿಸಿದರೆ ಖಾತೆ ಸಂಖ್ಯೆ ಬರುತ್ತಿತ್ತು. ಆದಾಯ ಮಿತಿ ಇರಲಿಲ್ಲ. ವೈದ್ಯರೂ ತೆರೆಯಬಹುದು, ಕಸ ಗುಡಿಸುವವರೂ ತೆರೆಯಬಹುದು. ಸಂಖ್ಯೆಯನ್ನು ತರಬೇತಿ ಸಂಸ್ಥೆಗೆ ಕೊಟ್ಟರೆ, ಸಂಸ್ಥೆಯವರು ಅದನ್ನು ಅಂತರ್ಜಾಲದ ವ್ಯವಸ್ಥೆಯಲ್ಲಿ ನಮೂದಿಸಿ ಕೋರ್ಸ್ ಕಾದಿರಿಸುತ್ತಿದ್ದರು. ಕಲಿಕೆ ಶುರುವಾಗಿದೆ ಎಂದು ಅವರೇ ದೃಢೀಕರಿಸುತ್ತಿದ್ದರು. ಹಣ ಅವರಿಗೇ ಹೋಗುತ್ತಿತ್ತು.

ಮೊದಲ ಹತ್ತು ಲಕ್ಷ ಜನಕ್ಕೆ 150 ಪೌಂಡಿನ ಕೊಡುಗೆ. ಅದರ ಜೊತೆಗೆ ಅನೇಕ ಕೋರ್ಸುಗಳಿಗೆ ಶೇ 20 ರಿಯಾಯಿತಿ. ಕಂಪ್ಯೂಟರ್ ಪ್ರಾಥಮಿಕ ಜ್ಞಾನ ಮತ್ತು ಮೂಲ ಗಣಿತದ ಕೋರ್ಸುಗಳಿಗೆ ಶೇ 80 ರಿಯಾಯಿತಿ, ಗರಿಷ್ಠ 200 ಪೌಂಡ್. ಎಲ್ಲ ಕೆಟ್ಟದ್ದೂ ಸೇರಿಕೊಂಡದ್ದು ಈ ಕೊನೆಯ ಸಾಲಿನಲ್ಲಿ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೋರ್ಸಿನ ಬೆಲೆ 250 ಪೌಂಡ್ ಎಂದಿಟ್ಟುಕೊಳ್ಳಿ. ಅದರ ಶೇ 80 ಎಂದರೆ ಸರಿಯಾಗಿ 200 ಪೌಂಡ್, ಅಂದರೆ ಸರ್ಕಾರ ಕೊಡುವ ಗರಿಷ್ಠ ಮೊತ್ತ. ಉಳಿದ 50 ಪೌಂಡನ್ನು ಕಲಿಯುವವರು ಕೊಡಬೇಕು. ಪ್ರಾಮಾಣಿಕ ಸಂಸ್ಥೆ ಆ ಹಣವನ್ನು ಕೇಳುತ್ತದೆ. ಅಪ್ರಾಮಾಣಿಕ ಸಂಸ್ಥೆ ಕೇಳುವುದಿಲ್ಲ. ಕೆಲವು ಪೌಂಡ್ ಬೆಲೆಯ ಸಿಡಿಯನ್ನೋ ಕೈಪಿಡಿಯನ್ನೋ ಕೊಟ್ಟು, ಕಾಗದದ ಮೇಲೆ 250 ಎಂದು ಬರೆದು, 50 ಬಂದಿದೆ ಎಂದು ತೋರಿಸಿ, 200 ಪೌಂಡ್ ತೆಗೆದುಕೊಳ್ಳುತ್ತದೆ. ತನಗೆ ಕಂಪ್ಯೂಟರ್ ತರಬೇತಿ ಉಚಿತವಾಗಿ ಸಿಕ್ಕಿತು ಎಂದು ಕಲಿಯುವವರೂ ಸುಮ್ಮನಿರುತ್ತಾರೆ. ಬೆಲೆ ಹೆಚ್ಚಾಯಿತು ಎಂದು ದೂರುವವರು ಇಲ್ಲಿ ಯಾರೂ ಇಲ್ಲ. ಕಲಿಯುವವರ ಜೇಬಿನಿಂದ ಹೋಗಬೇಕಿದ್ದ ಆ ಸಣ್ಣ ಪಾಲೇ ಇಡೀ ಏರ್ಪಾಡಿನ ಕಾವಲಾಗಿತ್ತು. ಅದು ನಿಜವಾಗಿ ಹೋಯಿತೇ ಎಂದು ನೋಡುವವರಿರಲಿಲ್ಲ.

ಇದು ಇನ್ನೂ ಸೌಮ್ಯವಾದ ಮೋಸ. ಮುಂದಿನ ಹಂತದಲ್ಲಿ ಕಲಿಯುವವರೇ ಬೇಕಾಗಲಿಲ್ಲ. ಏಜೆಂಟರು ಮನೆ ಬಾಗಿಲಿಗೆ ಹೋಗಿ, ರಸ್ತೆಯಲ್ಲಿ ನಿಂತು ಅರ್ಜಿ ತುಂಬಿಸಿಕೊಂಡರು. ಖಾತೆ ಸಂಖ್ಯೆ ಒಂದು ಸಿಕ್ಕರೆ ಸಾಕಿತ್ತು. ಆ ಖಾತೆಯವರು ಬಂದಿದ್ದಾರೆಯೇ, ಒಪ್ಪಿದ್ದಾರೆಯೇ ಎಂದು ವ್ಯವಸ್ಥೆ ಕೇಳುತ್ತಿರಲಿಲ್ಲ. ತಾವು ಇಷ್ಟಪಟ್ಟ ಕೋರ್ಸಿಗೆ ಸೇರಲು ಹೋದ ಎಷ್ಟೋ ಜನರಿಗೆ, ತಮ್ಮ ಖಾತೆಯ ಹಣ ಹೆಸರೇ ಕೇಳದ ಸಂಸ್ಥೆಯೊಂದಕ್ಕೆ ಆಗಲೇ ಸಂದಾಯವಾಗಿದೆ ಎಂದು ಗೊತ್ತಾಯಿತು.

ತಪಾಸಣೆ ಬೇಡ ಎಂದ ನಿರ್ಧಾರ

ತರಬೇತಿ ಸಂಸ್ಥೆಗಳ ಗುಣಮಟ್ಟವನ್ನು ಮೊದಲೇ ಪರೀಕ್ಷಿಸಿ ಮಾನ್ಯತೆ ಕೊಡುವ ಕ್ರಮವನ್ನು ಇಲಾಖೆ ಬೇಕೆಂದೇ ಕೈಬಿಟ್ಟಿತ್ತು. ಅರ್ಜಿ ತುಂಬಿ, ಷರತ್ತುಗಳಿಗೆ ಒಪ್ಪಿದರೆ ನೋಂದಣಿ. ಎಂಟು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಹೀಗೆ ಒಳಗೆ ಬಂದವು.

ಈ ನಿರ್ಧಾರವನ್ನು ಬೇಜವಾಬ್ದಾರಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದಿನ ತರ್ಕವನ್ನು ಗೌರವದಿಂದಲೇ ನೋಡಬೇಕು. ಕಾಲೇಜಿನ ಮೆಟ್ಟಿಲು ಹತ್ತಲು ಅಂಜುವ, ಶಾಲೆಯಲ್ಲಿ ಅವಮಾನವನ್ನೇ ಕಂಡಿದ್ದ ವಯಸ್ಕರನ್ನು ಕಲಿಕೆಗೆ ಕರೆತರುವುದು ಇಲಾಖೆಯ ಗುರಿ. ಅದಕ್ಕೆ ಮೊಹಲ್ಲಾದ ಸಣ್ಣ ಕೇಂದ್ರಗಳು, ಚರ್ಚಿನ ಹಿಂಬದಿಯ ಕೋಣೆಯಲ್ಲಿ ಪಾಠ ಹೇಳುವವರು, ಒಬ್ಬರೇ ನಡೆಸುವ ಕಂಪ್ಯೂಟರ್ ತರಗತಿಗಳು ಬೇಕು. ಹತ್ತಾರು ನಮೂನೆಗಳನ್ನು ತುಂಬಿ ಅಂದರೆ ಮೊದಲು ಬಿಟ್ಟುಹೋಗುವವರು ಇವರೇ. ಕಡತದ ಕಾಟವನ್ನು ತಗ್ಗಿಸಬೇಕು ಎಂದುಕೊಂಡದ್ದು ಈ ಕಾರಣಕ್ಕೆ.

ತರ್ಕ ಜಾರಿದ್ದು ಎಲ್ಲಿ ಎಂದರೆ, ಕಲಿಯುವವರ ದಾರಿ ಸುಗಮ ಮಾಡುವುದನ್ನೂ ಮಾರುವವರ ದಾರಿ ಸುಗಮ ಮಾಡುವುದನ್ನೂ ಒಂದೇ ಎಂದು ಎಣಿಸಿದ್ದರಲ್ಲಿ. ಮೂರು ಪುಟದ ಅರ್ಜಿ ಕಂಡು ಹೆದರುವ ಕಲಿಯುವವರನ್ನು ಅರ್ಥಮಾಡಿಕೊಳ್ಳಬಹುದು. ಸರ್ಕಾರದಿಂದ ಲಕ್ಷಗಟ್ಟಲೆ ಪೌಂಡ್ ಪಡೆಯಲಿರುವ ಕಂಪನಿಯನ್ನು ಪಾಠ ಎಲ್ಲಿ ಹೇಳುತ್ತೀರಿ, ಯಾರು ಹೇಳುತ್ತಾರೆ ಎಂದು ಕೇಳಿದ್ದರೆ ಯಾವ ಬಡವರಿಗೂ ನಷ್ಟವಾಗುತ್ತಿರಲಿಲ್ಲ.

ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದು ನನ್ನ ಅನಿಸಿಕೆ. ರಾಷ್ಟ್ರಮಟ್ಟದ ಜಾರಿಗೆ ಮೊದಲು ನಡೆದ ಪ್ರಯೋಗಗಳು ಸ್ಥಳೀಯ ತರಬೇತಿ ಮತ್ತು ಉದ್ಯಮ ಮಂಡಳಿಗಳ ಮೂಲಕ ನಡೆದಿದ್ದವು. ತಮ್ಮ ಊರಿನಲ್ಲಿ ಯಾರು ನಿಜವಾಗಿ ಪಾಠ ಹೇಳುತ್ತಾರೆ, ಯಾರು ಬೋರ್ಡು ಮಾತ್ರ ಹಾಕಿದ್ದಾರೆ ಎಂಬುದನ್ನು ಅರಿಯುವಷ್ಟು ಹತ್ತಿರದಲ್ಲಿ ಆ ಮಂಡಳಿಗಳಿದ್ದವು. ಆದರೆ ಅವುಗಳನ್ನೇ ರದ್ದು ಮಾಡಿ, 2001ರ ಏಪ್ರಿಲ್‌ನಿಂದ ಕಲಿಕೆ ಮತ್ತು ಕೌಶಲ್ಯ ಮಂಡಳಿ ಎಂಬ ಒಂದೇ ಸಂಸ್ಥೆಯನ್ನು ತರುವ ಕೆಲಸದಲ್ಲಿ ಇಲಾಖೆ ಮುಳುಗಿತ್ತು. ಪ್ರಯೋಗ ನಡೆದದ್ದು ಊರು ಬಲ್ಲವರ ಕೈಯಲ್ಲಿ, ಜಾರಿಯಾದದ್ದು ಒಂದು ಕಾಲ್ ಸೆಂಟರ್ ಮತ್ತು ಒಂದು ದತ್ತಾಂಶ ಕೋಶದ ಮೂಲಕ. ಪ್ರಯೋಗ ಗೆದ್ದಿತ್ತೋ ಸೋತಿತ್ತೋ, ಜಾರಿಯಾದ ಯೋಜನೆಯನ್ನು ಅದು ಪರೀಕ್ಷಿಸಿರಲೇ ಇಲ್ಲ.

ಆ ಕಾಲ್ ಸೆಂಟರ್ ಮತ್ತು ದತ್ತಾಂಶ ಕೋಶವನ್ನು ನಡೆಸಲು ಕ್ಯಾಪಿಟಾ ಎಂಬ ಖಾಸಗಿ ಕಂಪನಿಗೆ ಗುತ್ತಿಗೆ ಹೋಯಿತು. ಸ್ಪರ್ಧೆಯ ಕೊನೆಗೆ ಉಳಿದ ಬಿಡ್ ಅದೊಂದೇ. ಸರ್ಕಾರ ಮತ್ತು ಕಂಪನಿಯ ಪಾಲುದಾರಿಕೆ ಎಂದು ಇದನ್ನು ಬಣ್ಣಿಸಲಾಗಿತ್ತು. ಆದರೆ ಯೋಜನೆಯನ್ನು ನಡೆಸುವ ಮಂಡಳಿಯಲ್ಲಿ ಕಂಪನಿಗೆ ಕುರ್ಚಿ ಇರಲಿಲ್ಲ. ಅಪಾಯದ ಲಕ್ಷಣಗಳು ಮೊದಲು ಕಾಣುವುದು ದೂರವಾಣಿ ಎತ್ತುವವರಿಗೆ ಮತ್ತು ದತ್ತಾಂಶ ನೋಡುವವರಿಗೆ. ತೀರ್ಮಾನ ತೆಗೆದುಕೊಳ್ಳುವ ಮೇಜಿನ ಸುತ್ತ ಅವರು ಇರಲಿಲ್ಲ.

ಗುರಿ ದಾಟಿದ ಸಂತೋಷ

ಹತ್ತು ಲಕ್ಷ ಖಾತೆಗಳನ್ನು 2002ರ ಮಾರ್ಚ್ ಒಳಗೆ ತೆರೆಯಬೇಕು ಎಂಬುದು ಗುರಿಯಾಗಿತ್ತು. 2001ರ ಮೇನಲ್ಲೇ, ಚುನಾವಣೆಯ ಹೊಸ್ತಿಲಲ್ಲಿ ಅದು ದಾಟಿತು. ಪ್ರಣಾಳಿಕೆಯ ಮಾತು ಅವಧಿಗೆ ಮೊದಲೇ ಈಡೇರಿತು ಎಂದು ಹೇಳಿಕೊಳ್ಳುವ ಅವಕಾಶ ಯಾವ ಸರ್ಕಾರಕ್ಕೆ ಬೇಡ? ಇಷ್ಟು ಬೇಗ ಇಷ್ಟು ಜನ ಹೇಗೆ ಬಂದರು ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು. ಬಂದವರಲ್ಲಿ ಬಹುಪಾಲು ಜನ ನಿಜವಾಗಿ ಕಲಿಯಲು ಬಂದವರೇ ಎಂಬುದೂ ಸತ್ಯ. ಇಲಾಖೆ ಮಾಡಿಸಿದ ಸಮೀಕ್ಷೆಗಳಲ್ಲಿ, ಖಾತೆ ಬಳಸಿ ಕಲಿತವರ ಪೈಕಿ ಹೆಚ್ಚಿನವರು ತೃಪ್ತಿಯನ್ನೇ ಹೇಳಿದ್ದರು. ಈ ಮಾತನ್ನು ಒತ್ತಿ ಹೇಳಬೇಕು. ಹಗರಣದ ಗದ್ದಲದಲ್ಲಿ ಮೊದಲ ಬಾರಿ ಕಂಪ್ಯೂಟರ್ ಮುಟ್ಟಿದ ಅಜ್ಜಿಯರು, ಗಣಿತ ಪರೀಕ್ಷೆಗೆ ಮತ್ತೆ ಕೂತ ಕೂಲಿಕಾರರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಆದರೆ ಬೇಡಿಕೆಗೆ ತಕ್ಕಂತೆ ಹಣ ಕೊಡುತ್ತಾ ಹೋಗುವ ಯೋಜನೆಗೆ ಒಟ್ಟು ವೆಚ್ಚದ ಅಣೆಕಟ್ಟೇ ಇರಲಿಲ್ಲ. ಸುಮಾರು 20 ಕೋಟಿ ಪೌಂಡಿನ ಬಜೆಟ್ ಇದ್ದ ಕಡೆ ಖರ್ಚು 27 ಕೋಟಿ ದಾಟಿತು.

2001ರ ಜೂನ್ 7ರಂದು ಚುನಾವಣೆ ನಡೆಯಿತು. ಲೇಬರ್ ಮತ್ತೆ ಗೆದ್ದಿತು, ಮರುದಿನವೇ ಇಲಾಖೆಗಳು ಅದಲುಬದಲಾದವು. ಉದ್ಯೋಗದ ಭಾಗ ಹೊಸದಾಗಿ ಹುಟ್ಟಿದ ಕೆಲಸ ಮತ್ತು ಪಿಂಚಣಿ ಇಲಾಖೆಗೆ ಹೋಯಿತು. ಉಳಿದದ್ದು ಶಿಕ್ಷಣ ಮತ್ತು ಕೌಶಲ್ಯ ಇಲಾಖೆ ಎಂಬ ಹೊಸ ಹೆಸರು ಪಡೆಯಿತು. ಬ್ಲಂಕೆಟ್ ಗೃಹ ಸಚಿವರಾದರು. ಕಿರಿಯ ಸಚಿವರ ಮಟ್ಟದಲ್ಲಿ ವಯಸ್ಕರ ಕಲಿಕೆಯನ್ನು ನೋಡುತ್ತಿದ್ದ ಮಾಲ್ಕಮ್ ವಿಕ್ಸ್ ಬೇರೆ ಇಲಾಖೆಗೆ ಹೋಗಿ, ಆ ಜಾಗಕ್ಕೆ ಜಾನ್ ಹೀಲಿ ಬಂದರು. ದೂರುಗಳು ಒಂದೇ ಸಮನೆ ಏರುತ್ತಿದ್ದ ಬೇಸಿಗೆ ಅದು. ಅಂಥ ಹೊತ್ತಿನಲ್ಲಿ ಬಾಗಿಲ ಫಲಕ ಬದಲಿಸುವುದರಿಂದ ಏನಾಗುತ್ತದೆ ಎಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸಬರಿಗೆ ಕಡತ ಓದಲು ವಾರಗಳು ಬೇಕು, ಹಳಬರಿಗೆ ಅದು ತಮ್ಮದಲ್ಲ ಎನಿಸಲು ಒಂದು ದಿನ ಸಾಕು.

ಆ ಬೇಸಿಗೆಯಲ್ಲಿ ಸಂಸ್ಥೆಗಳಿಂದ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ನಿಯಮ ಬಿಗಿ ಮಾಡುವ ಪ್ರಯತ್ನ ನಡೆಯಿತು. ಆದರೆ ಮೋಸಗಾರರಿಗೆ ಸಹಿ ಹಾಕುವುದು ಕಷ್ಟದ ಕೆಲಸವಲ್ಲ. ಅಕ್ಟೋಬರ್ 24ರಂದು ಮಾರಿಸ್ ಮುಚ್ಚುವ ತೀರ್ಮಾನ ಪ್ರಕಟಿಸಿದರು. ಬಾಗಿಲು ಇನ್ನು ಆರು ವಾರ ತೆರೆದಿರುತ್ತದೆ ಎಂದು ಮೊದಲೇ ಹೇಳಿದ್ದು ಯಾರಿಗೆ ಅನುಕೂಲವಾಯಿತು ಎಂಬುದು ನವೆಂಬರ್‌ನಲ್ಲಿ ತಿಳಿಯಿತು.

ಬೆಲೆ ತೆತ್ತವರು

2002ರಲ್ಲಿ ಬ್ಯಾರಿ ಷೀರ್‌ಮನ್ ಅಧ್ಯಕ್ಷತೆಯ ಸಂಸತ್ ಸಮಿತಿ ತನಿಖೆ ನಡೆಸಿ ಕಟುವಾದ ವರದಿ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಬಂತು. ವಂಚನೆ ಮತ್ತು ದುರ್ಬಳಕೆಯಿಂದ ಆದ ನಷ್ಟದ ಅಂದಾಜು 9.7 ಕೋಟಿ ಪೌಂಡ್. ಖರ್ಚಾದ ಪ್ರತಿ ಮೂರು ಪೌಂಡಿನಲ್ಲಿ ಹೆಚ್ಚುಕಡಿಮೆ ಒಂದು ಪೌಂಡ್ ಹೀಗೆ ಹೋಗಿತ್ತು. ಆತುರದ ವೇಳಾಪಟ್ಟಿ, ಅಪಾಯಗಳ ಅಂದಾಜು ಸರಿಯಾಗಿ ಆಗದಿದ್ದುದು, ಎಚ್ಚರಿಕೆಗಳಿಗೆ ತಡವಾಗಿ ಕಿವಿಗೊಟ್ಟದ್ದು ಎಲ್ಲವೂ ವರದಿಗಳಲ್ಲಿ ಬಂದಿವೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಮುಂದೆ ಅದನ್ನೇ ಹೇಳಿತು.

ಆ ವರದಿಗಳಲ್ಲಿ ಎದ್ದು ಕಾಣುವುದು ಹಣದ ಲೆಕ್ಕ. ನನ್ನನ್ನು ಹೆಚ್ಚು ಕಾಡುವುದು ಬೇರೆ. ಯೋಜನೆ ನಿಂತ ದಿನ ನಷ್ಟವಾದದ್ದು ಸಿಡಿ ಹಂಚಿ ಹಣ ಮಾಡಿಕೊಂಡವರಿಗಲ್ಲ. ಅವರು ಅಷ್ಟರಲ್ಲಿ ತಮ್ಮ ಪಾಲು ಎತ್ತಿಕೊಂಡಿದ್ದರು. ಖಾತೆಯನ್ನು ನಂಬಿ ಕಂಪ್ಯೂಟರ್ ಕೊಂಡು, ಕೋಣೆ ಬಾಡಿಗೆಗೆ ಹಿಡಿದು, ಶಿಕ್ಷಕರನ್ನು ನೇಮಿಸಿಕೊಂಡಿದ್ದ ಸಣ್ಣ ತರಬೇತಿ ಕೇಂದ್ರಗಳು ಒಂದೇ ದಿನದಲ್ಲಿ ವಿದ್ಯಾರ್ಥಿಗಳನ್ನು ಕಳೆದುಕೊಂಡವು. ಆಗಲೇ ಪಾಠ ಹೇಳಿದ್ದಕ್ಕೆ ಬರಬೇಕಾದ ಹಣವೂ ಪರಿಶೀಲನೆಯ ಹೆಸರಿನಲ್ಲಿ ತಡವಾಯಿತು. ಒಳಗೆ ಬಿಡುವಾಗ ಯಾರನ್ನೂ ನೋಡದೆ ಬಿಟ್ಟ ವ್ಯವಸ್ಥೆ, ಹೊರಗೆ ಹಾಕುವಾಗ ಎಲ್ಲರನ್ನೂ ಕಳ್ಳರಂತೆ ಕಂಡಿತು. ಮೊದಲ ದಿನವೇ ತಪಾಸಣೆ ಮಾಡಿದ್ದರೆ ಆಗುತ್ತಿದ್ದ ಕಿರಿಕಿರಿ ಈ ಅನ್ಯಾಯದ ಮುಂದೆ ಏನೇನೂ ಅಲ್ಲ.

ಬೀಗ ಹಾಕುವ ಜಾಗ

ಬೇರೆ ದೇಶಗಳು ಇದರಿಂದ ಪಾಠ ಕಲಿತವೇ? ಸಿಂಗಪುರ 2016ರಿಂದ 25 ವರ್ಷ ದಾಟಿದ ಪ್ರತಿ ನಾಗರಿಕರಿಗೂ ಕೌಶಲ್ಯ ಕಲಿಕೆಗೆ 500 ಸಿಂಗಪುರ ಡಾಲರ್ ಕೊಟ್ಟಿತು. ಆಡಳಿತದ ಶಿಸ್ತಿಗೆ ಹೆಸರಾದ ದೇಶ ಅದು. ಮರುವರ್ಷವೇ ಒಂಬತ್ತು ಕಂಪನಿಗಳನ್ನು ಮುಂದಿಟ್ಟುಕೊಂಡ ಒಂದು ಜಾಲ ನಡೆಯದ ಕೋರ್ಸುಗಳ ಹೆಸರಿನಲ್ಲಿ ಸುಮಾರು 4 ಕೋಟಿ ಸಿಂಗಪುರ ಡಾಲರ್ ಲಪಟಾಯಿಸಿದ್ದು ಬಯಲಾಯಿತು.

ಫ್ರಾನ್ಸಿನ ವೈಯಕ್ತಿಕ ತರಬೇತಿ ಖಾತೆ 2015ರಿಂದ ಇದೆ. 2019ರಲ್ಲಿ ಅದನ್ನು ಗಂಟೆಗಳ ಬದಲು ಯೂರೋ ಲೆಕ್ಕಕ್ಕೆ ತಂದು, ಮೊಬೈಲ್ ಆ್ಯಪ್ ಮೂಲಕ ಬಳಸುವಂತೆ ಮಾಡಿದರು. ಹಿಂದೆಯೇ ಶುರುವಾಯಿತು ದೂರವಾಣಿ ಕರೆಗಳ ಹಾವಳಿ: ನಿಮ್ಮ ಖಾತೆಯ ಹಣ ಮುಗಿದುಹೋಗುತ್ತದೆ, ಸಂಖ್ಯೆ ಹೇಳಿ. ಇಂಗ್ಲೆಂಡಿನಲ್ಲಿ ಬಾಗಿಲು ತಟ್ಟಿ ಮಾಡಿದ್ದನ್ನು ಇಲ್ಲಿ ಫೋನಿನಲ್ಲಿ ಮಾಡಿದರು. ಫ್ರಾನ್ಸ್ ಖಾತೆ ಮುಚ್ಚಲಿಲ್ಲ. 2022ರ ಅಕ್ಟೋಬರ್‌ನಿಂದ ಕೋರ್ಸಿಗೆ ಸೇರುವಾಗ ಖಾತೆದಾರರೇ ಡಿಜಿಟಲ್ ಗುರುತಿನ ಮೂಲಕ ಒಪ್ಪಿಗೆ ಕೊಡಬೇಕು ಎಂದು ಮಾಡಿತು. ಅದೇ ಡಿಸೆಂಬರ್‌ನಲ್ಲಿ ಈ ಖಾತೆಗಾಗಿ ಜನರಿಗೆ ಕರೆ, ಸಂದೇಶ ಕಳಿಸುವುದನ್ನೇ ಕಾನೂನಿನಿಂದ ನಿಷೇಧಿಸಿತು. 2024ರ ಮೇನಲ್ಲಿ, ಹೆಚ್ಚಿನವರು 100 ಯೂರೋ ತಮ್ಮ ಕೈಯಿಂದ ಹಾಕಬೇಕು ಎಂಬ ನಿಯಮ ಬಂತು. ಕೊನೆಯದನ್ನು ನಾನು ಅರೆಮನಸ್ಸಿನಿಂದಲೇ ಒಪ್ಪುತ್ತೇನೆ, ಏಕೆಂದರೆ ಬಡವರಿಗೆ 100 ಯೂರೋ ಸಣ್ಣ ಮೊತ್ತವಲ್ಲ. ಮೊದಲನೆಯದು ಮಾತ್ರ ನೇರವಾಗಿ ರೋಗದ ಬೇರಿಗೇ ಹೋಗುತ್ತದೆ. ಹಣ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಇಲ್ಲದೆ ಅದು ಕದಲಬಾರದು. ಇಂಗ್ಲೆಂಡಿನಲ್ಲಿ ಇದನ್ನು 2000ದಲ್ಲಿ ಮಾಡಲು ಡಿಜಿಟಲ್ ಗುರುತು ಬೇಕಿರಲಿಲ್ಲ. ಖಾತೆದಾರರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಸಂಖ್ಯೆಯೊಂದು, ಹಣ ಹೋಗುವ ಮುನ್ನ ಮನೆಗೆ ಒಂದು ಪತ್ರ ಇದ್ದರೂ ಸಾಕಿತ್ತು. ಬ್ಯಾಂಕಿನ ಹಣ ತೆಗೆಯುವ ಯಂತ್ರದ ಮುಂದೆ ನಾಲ್ಕು ಅಂಕಿ ಒತ್ತುವುದು ಆ ದೇಶದ ಜನಕ್ಕೆ ಆಗಲೇ ದಶಕಗಳ ರೂಢಿ.

ಬ್ರಿಟನ್ನಿನ ಒಳಗೇ ಇದಕ್ಕೆ ಬೇರೆ ಬೇರೆ ಉತ್ತರಗಳು ಬಂದವು. ವೇಲ್ಸ್ 2003ರಲ್ಲಿ, ಸ್ಕಾಟ್ಲೆಂಡ್ 2004ರಲ್ಲಿ ಖಾತೆಗಳನ್ನು ಮತ್ತೆ ತೆರೆದವು. ಈ ಬಾರಿ ಅನುಕೂಲ ಕಡಿಮೆ ಇರುವವರಿಗೆ ಆದ್ಯತೆ ಕೊಟ್ಟು, ಸಂಸ್ಥೆಗಳನ್ನು ಮೊದಲೇ ಪರಿಶೀಲಿಸಿ ಸೇರಿಸಿಕೊಂಡರು. ಅಂದರೆ ಕಲ್ಪನೆ ಕೆಟ್ಟದ್ದಾಗಿರಲಿಲ್ಲ, ಅದನ್ನು ಸುರಕ್ಷಿತವಾಗಿ ನಡೆಸಲು ಸಾಧ್ಯವಿತ್ತು ಎಂಬುದಕ್ಕೆ ಪಕ್ಕದ ನಾಡುಗಳೇ ಸಾಕ್ಷಿ.

ಇಂಗ್ಲೆಂಡ್ ಆ ಧೈರ್ಯ ಮಾಡಲಿಲ್ಲ. 2006ರಲ್ಲಿ ಅಲ್ಲಿ ದೊಡ್ಡದಾಗಿ ಬೆಳೆದ ಕೌಶಲ್ಯ ಯೋಜನೆ ಹಣವನ್ನು ಕೆಲಸ ಕೊಡುವ ಕಂಪನಿಗಳ ಬೇಡಿಕೆಗೆ ಕಟ್ಟಿತು. ಏನು ಕಲಿಯಬೇಕು ಎಂದು ಆರಿಸುವ ಹಕ್ಕು ಕಲಿಯುವವರಿಂದ ಮಾಲೀಕರ ಕಡೆಗೆ ಸರಿಯಿತು. ಕೆಲಸವೇ ಇಲ್ಲದವರಿಗೆ, ಇದ್ದ ಕೆಲಸ ಬಿಟ್ಟು ಬೇರೆ ಕಸುಬು ಹಿಡಿಯಬೇಕೆನ್ನುವವರಿಗೆ ಅದರಿಂದ ಆಗುವ ಉಪಕಾರ ಕಡಿಮೆ. ಆಜೀವ ಕಲಿಕೆಯ ಹಕ್ಕು ಎಂಬ ಹೆಸರಿನಲ್ಲಿ ಇಂಗ್ಲೆಂಡ್ ಈಗ ಮತ್ತೆ ಪ್ರತಿಯೊಬ್ಬರಿಗೂ ಒಂದು ಖಾತೆಯನ್ನು ರೂಪಿಸಿದೆ. 2027ರ ಜನವರಿಯಿಂದ ಶುರುವಾಗುವ ಕೋರ್ಸುಗಳಿಗೆ ಅದನ್ನು ಬಳಸಿಕೊಳ್ಳಬಹುದು ಎಂಬುದು ಯೋಜನೆ. ಸಂಸ್ಥೆಗಳ ನೋಂದಣಿ, ಗುಣಮಟ್ಟದ ನಿಯಮ ಎಲ್ಲ ಅದರಲ್ಲಿವೆ. ಆದರೆ ಬ್ಲಂಕೆಟ್ ಅವರ ಇಲಾಖೆ ಕೊಟ್ಟ 150 ಪೌಂಡ್ ಸಹಾಯಧನವಾಗಿತ್ತು, ಈ ಹೊಸ ಖಾತೆಯಲ್ಲಿ ಇರುವುದು ಕಲಿಯುವವರು ತೀರಿಸಬೇಕಾದ ಸಾಲ.